ಈ ಗುಡ್ಡ ಯಾರದ್ದು?

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ.
ಊರಿಗಾಂ ದಾಟುವಾಗ ಕಿಟಕಿಯಾಚೆ ನೋಡಿ.
ಬೂದಿ ಬಣ್ಣದ ಗುಡ್ಡ.
ಮೈತುಂಬ ಮಳೆ ಕೊರೆದ ಗೀರು.
ಇದನ್ನ ದೇವರು ಮಾಡಿದ್ದಾ? ಅಲ್ಲ, ಕಂಪನಿ!

ಇದು ಕೆಜಿಎಫ್‌ನ ಸೈನೈಡ್ ಗುಡ್ಡ.
ಯಶ್ ಸಿನಿಮಾಗೆ ಸೆಟ್ ಹಾಕಿದ್ದೂ ಇಂಥ ಗುಡ್ಡದ ಮೇಲೇ.

ಕಲ್ಲನ್ನ ಹಿಟ್ಟು ಮಾಡಿ,
ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದು,
ಉಳಿದ ಕೆಸರನ್ನ ಇಲ್ಲೇ ಸುರಿದರು.
ನೂರಾ ಇಪ್ಪತ್ತು ವರ್ಷ.
ಸುಮಾರು 800 ಟನ್ ಚಿನ್ನ ಊರು ಬಿಟ್ಟು ಹೋಯ್ತು.
ಗುಡ್ಡ ಉಳೀತು.

ಮಾಲೀಕರು ಮಾತ್ರ ಬದಲಾಗ್ತಾನೇ ಇದ್ರು.
1880ರಲ್ಲಿ ಬಂದದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ.
1956ರಲ್ಲಿ ಮೈಸೂರು ಸರ್ಕಾರ ಗಣಿ ವಹಿಸ್ಕೊಂಡಿತು.
1962ರಲ್ಲಿ ಕೇಂದ್ರದ ಕೈಗೆ.
1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್.
2001, ಫೆಬ್ರವರಿ 28.
ಗಣಿಗೆ ಬೀಗ.

ಬೇಸಿಗೆ ಗಾಳಿಗೆ ಗುಡ್ಡದ ಧೂಳು ಎದ್ದು
ಒಣಹಾಕಿದ ಬಟ್ಟೆ ಮೇಲೆ ಕೂರುತ್ತೆ.
ಕೊಡವಿ ಮಡಚಬೇಕು.
ಈ ಧೂಳಿಗೆ ಮಾತ್ರ ಯಾವ ಸರ್ಕಾರವೂ ಮಾಲೀಕ ಅಂತ ಮುಂದೆ ಬರಲಿಲ್ಲ, ಬಿಡಿ.

ಈಗ ಬಂದಿದ್ದಾರೆ!
ಕಬ್ಬಿನಹಾಲಿನ ಗಾಡಿ ನೋಡಿದ್ದೀರಲ್ಲ?
ಒಮ್ಮೆ ಹಿಂಡಿದ ಜಲ್ಲೆಯನ್ನ ಮಡಚಿ
ಮತ್ತೆ ಗಾಣಕ್ಕೆ ಕೊಡ್ತಾನೆ.
ಅದೇ ಲೆಕ್ಕ.
ಮಣ್ಣಲ್ಲಿ ಇನ್ನೂ ಒಂದಿಷ್ಟು ಚಿನ್ನ ಇದೆ.

2024ರ ಜೂನ್‌ನಲ್ಲಿ
ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಡ್ತು.
13 ಗುಡ್ಡ.
ಸಾವಿರ ಎಕರೆ.
ಮತ್ತೆ ಹಿಂಡೋಕೆ.

ಅಪ್ಪ, ತಾತ ಪಾತಾಳಕ್ಕಿಳಿದು ತಂದ ಕಲ್ಲು ಇದು.
ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಈಗ ಕೇಳ್ತಿರೋದು ಒಂದೇ:
"ಕೆಲಸ ನಮ್ಮ ಹುಡುಗರಿಗೆ ಕೊಡ್ತಾರಾ?"