ಗೊತ್ತಿದ್ದವನು ರಜೆ ಹಾಕಿದರೆ?

ಫೋನಿನಲ್ಲಿ ಹಾಡು ಕೇಳಿಸೋ ಸ್ಪಾಟಿಫೈ ಇದೆಯಲ್ಲ, ಅದು ಸ್ವೀಡನ್ನಿನ ಕಂಪನಿ. ಅಲ್ಲಿ ಎಂಜಿನಿಯರ್‌ಗಳ ಸಣ್ಣ ಸಣ್ಣ ತಂಡಗಳಿಗೆ ಸ್ವಾತಂತ್ರ್ಯ ಜಾಸ್ತಿ. ಕೇಳೋಕೆ ಚೆಂದ. ಆದರೆ ಕಂಪನಿ ಬೆಳೆದಂತೆ ಒಬ್ಬೊಬ್ಬರದು ಒಂದೊಂದು ದಾರಿಯಾಯಿತು. ಯಾವ ಸಾಫ್ಟ್‌ವೇರ್ ಯಾರ ಉಸ್ತುವಾರಿ, ಹೊಸದನ್ನು ಸರ್ವರ್‌ಗೆ ಏರಿಸೋದು ಹೇಗೆ, ಎಲ್ಲಕ್ಕೂ ಸಹೋದ್ಯೋಗಿಗಳನ್ನೇ ಕೇಳಬೇಕು. ಗೊತ್ತಿದ್ದವನು ರಜೆ ಹಾಕಿದರೆ ಮುಗೀತು, ಸ್ವಾಮಿ!

ಅದಕ್ಕೇ ಕಂಪನಿಯೊಳಗೇ ಬ್ಯಾಕ್‌ಸ್ಟೇಜ್ ಅನ್ನೋ ಪೋರ್ಟಲ್ ಕಟ್ಟಿದರು. ಜಮೀನಿಗೆ ಪಹಣಿ ಇದ್ದ ಹಾಗೆ, ಯಾವ ಸಾಫ್ಟ್‌ವೇರ್ ಯಾವ ತಂಡದ್ದು ಅನ್ನೋದು ಅದರಲ್ಲಿ ದಾಖಲು. ಹೊಸ ಸೇವೆ ಬೇಕಾ? ಸಿದ್ಧ ಮಾದರಿ ಆರಿಸಿ, ಹೆಸರು ಕೊಡಿ; ಕೋಡ್ ಇಡುವ ಜಾಗ, ಪರೀಕ್ಷೆ, ಸರ್ವರ್‌ಗೆ ಏರಿಸುವ ಏರ್ಪಾಡು ಜೊತೆಗೇ ಬರುತ್ತೆ. 2020ರಲ್ಲಿ ಇದನ್ನು ಜಗತ್ತಿಗೇ ಪುಕ್ಕಟೆಯಾಗಿ ಬಿಟ್ಟುಕೊಟ್ಟರು.

ಬೇರೆ ಕಂಪನಿಗಳು ಎಡವೋದು ಇಲ್ಲೇ ನೋಡಿ. ಪುಕ್ಕಟೆ ಅಂತ ತಂದು ಹಾಕ್ತಾರೆ, ನೋಡಿಕೊಳ್ಳೋಕೆ ತಂಡ ಇಡಲ್ಲ. ಪಹಣಿ ತಿದ್ದೋರೇ ಇಲ್ಲ. ನಡುರಾತ್ರಿ ಸರ್ವರ್ ಕೆಟ್ಟಾಗ ಪೋರ್ಟಲ್ ತೋರಿಸೋದು ಯಾವತ್ತೋ ಕೆಲಸ ಬಿಟ್ಟು ಹೋದವರ ಹೆಸರು! ಎಂಜಿನಿಯರ್ ಮತ್ತೆ ಫೋನ್ ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸ್ತಾ ಕೂರಬೇಕು.