ಕೆಲವು ದಿನಕ್ಕೆಂದು ಬಂದರು, ವೆಲ್ಲೂರಿಗೇ ಮುಡಿಪಾದರು

ಪೆರಂಬೂರು (ಚೆನ್ನೈ): ‘ಅಮ್ಮನನ್ನು ವೆಲ್ಲೂರಿಗೆ ತೋರಿಸಬೇಕು, ನಿಮಗೆ ಅಲ್ಲಿ ಯಾರಾದರೂ ಗೊತ್ತಾ?’ ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನ ಕಡೆಯಿಂದ ಬರುವ ಫೋನ್ ಕರೆಗಳಲ್ಲಿ ಇದು ಹಳೆಯ ಪ್ರಶ್ನೆ. ಬೆಂಗಳೂರು, ಮೈಸೂರು ಕಡೆಯಿಂದ ಬರುವ ರೈಲುಗಳು ಕಾಟ್ಪಾಡಿಯನ್ನು ಹಾದೇ ಪೆರಂಬೂರಿನತ್ತ ಬರುತ್ತವೆ. ಚೆನ್ನೈಯಿಂದ ಕಾಟ್ಪಾಡಿಗೆ ಸುಮಾರು 130 ಕಿ.ಮೀ. ಅಲ್ಲಿಂದ ವೆಲ್ಲೂರು ಪಟ್ಟಣ ಕೂಗಳತೆಯ ದೂರ. ಕೋಲಾರ, ಕೆಜಿಎಫ್, ಬಂಗಾರಪೇಟೆ ಕಡೆಯವರಿಗಂತೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ ಪಕ್ಕದೂರಿನ ಆಸ್ಪತ್ರೆಯಿದ್ದಂತೆ.

ಆದರೆ ಆ ಆಸ್ಪತ್ರೆಯ ಹಿಂದೆ, ‘ಕೆಲವು ದಿನ ಇದ್ದು ಹೋಗುತ್ತೇನೆ’ ಎಂದು ಬಂದ ಇಪ್ಪತ್ತರ ಆಸುಪಾಸಿನ ಒಬ್ಬ ಅಮೆರಿಕನ್ ಯುವತಿಯ ಕಥೆ ಇದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ವಿದೇಶದ ಚರ್ಚ್ ತಂಡಗಳು ವಾರದ ಮಟ್ಟಿಗೆ, ಹದಿನೈದು ದಿನದ ಮಟ್ಟಿಗೆ ಬೇರೆ ದೇಶಗಳಿಗೆ ಹೋಗಿ ಅಲ್ಲಿನ ಕುಟುಂಬಗಳ ಸೇವೆ ಮಾಡಿ ಮರಳುವುದು ಈಗ ಲೋಕದ ಎಲ್ಲೆಡೆ ರೂಢಿಯಾಗಿದೆ. ನಮ್ಮ ಸಂಘ ಸಂಸ್ಥೆಗಳೂ ಒಂದು ದಿನದ ಆರೋಗ್ಯ ಶಿಬಿರ, ಎರಡು ದಿನದ ಕಣ್ಣು ತಪಾಸಣೆ ಎಂದು ನಡೆಸುತ್ತವೆ. ಇಂಥ ಅಲ್ಪಾವಧಿ ಸೇವೆಯಿಂದ ಬಡ ಕುಟುಂಬಕ್ಕೆ ನಿಜಕ್ಕೂ ಆಗುವ ಉಪಕಾರ ಎಷ್ಟು? ಈ ಪ್ರಶ್ನೆಗೆ ಡಾ. ಐಡಾ ಸ್ಕಡರ್ ಅವರ ಬದುಕಿಗಿಂತ ಉತ್ತಮ ಉತ್ತರ ಹತ್ತಿರದಲ್ಲಿ ಮತ್ತೊಂದು ಸಿಗದು.

ತಾಯಿಯ ಆರೈಕೆಗೆ ಬಂದ ಮಗಳು

ಐಡಾ ಹುಟ್ಟಿದ್ದು ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ, 1870ರ ಡಿಸೆಂಬರ್ 9ರಂದು. ಅಜ್ಜ ಡಾ. ಜಾನ್ ಸ್ಕಡರ್ 1819ರಲ್ಲೇ ಅಮೆರಿಕ ಬಿಟ್ಟು ಸಿಲೋನಿಗೆ ಬಂದವರು, ಅನಂತರ ಮದ್ರಾಸಿಗೆ ಬಂದು ವೈದ್ಯ ಸೇವೆ ಮಾಡಿದವರು. ತಂದೆಯೂ ಮಿಷನ್ ವೈದ್ಯರು. ಬಾಲ್ಯದಲ್ಲಿ ಐಡಾ ಕಂಡದ್ದು 1876-78ರ ಭೀಕರ ಬರಗಾಲ. ನಮ್ಮ ಮೈಸೂರು ಸೀಮೆಯಲ್ಲಿ ‘ಧಾತು ಈಶ್ವರ’ ಸಂವತ್ಸರಗಳ ಕ್ಷಾಮವೆಂದು ಹಿರಿಯರು ನೆನೆಯುತ್ತಿದ್ದುದು ಇದನ್ನೇ.

ಹೀಗಾಗಿ ಓದಿಗೆಂದು ಅಮೆರಿಕಕ್ಕೆ ಹೋದ ಐಡಾ, ಮನೆತನದ ಈ ದಾರಿ ತನಗೆ ಬೇಡವೆಂದು ನಿರ್ಧರಿಸಿಬಿಟ್ಟಿದ್ದರು. 1890ರಲ್ಲಿ ತಾಯಿಗೆ ಕಾಯಿಲೆಯೆಂದು ತಿಳಿದು ಭಾರತಕ್ಕೆ ಬಂದರು. ತಂದೆ ತಾಯಿ ಆಗ ತಿಂಡಿವನಂನಲ್ಲಿದ್ದರು. ತಾಯಿ ಚೇತರಿಸಿಕೊಂಡ ಮೇಲೆ ಹಡಗು ಹತ್ತಿ ಮರಳುವುದು ಅವರ ಲೆಕ್ಕಾಚಾರವಾಗಿತ್ತು.

ಒಂದೇ ರಾತ್ರಿ, ಮೂರು ಕರೆ

ತಿಂಡಿವನಂನಲ್ಲಿ ಒಂದು ರಾತ್ರಿ ನಡೆದದ್ದು ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಮೊದಲು ಬಾಗಿಲಿಗೆ ಬಂದದ್ದು ಒಬ್ಬ ಬ್ರಾಹ್ಮಣ ಯುವಕ. ಹೆರಿಗೆ ನೋವಿನಲ್ಲಿ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಬಂದು ಉಳಿಸಿ ಎಂದು ಬೇಡಿಕೊಂಡ. ‘ನಾನು ವೈದ್ಯೆಯಲ್ಲ, ನನ್ನ ತಂದೆ ವೈದ್ಯರು, ಅವರನ್ನು ಕರೆತರುತ್ತೇನೆ’ ಎಂದರು ಐಡಾ. ಪರಪುರುಷ ಮನೆಯೊಳಗೆ ಬಂದು ಹೆಂಡತಿಯನ್ನು ಮುಟ್ಟಬಾರದು ಎಂದು ಆತ ನಿರಾಕರಿಸಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಒಬ್ಬ ಮುಸ್ಲಿಂ ಗೃಹಸ್ಥ ಬಂದ. ಅದೇ ಬೇಡಿಕೆ, ಅದೇ ನಿರಾಕರಣೆ. ಮೂರನೆಯವನಾಗಿ ಮತ್ತೊಬ್ಬ ಹಿಂದೂ ಗೃಹಸ್ಥ ಬಂದ. ಅವನೂ ಹಾಗೆಯೇ ಹಿಂದಿರುಗಿದ.

ಬೆಳಗಾದಾಗ ಬೀದಿಯಲ್ಲಿ ಸಾವಿನ ತಮಟೆ ಕೇಳಿಸಿತು. ಆಳನ್ನು ಕಳಿಸಿ ವಿಚಾರಿಸಿದರೆ, ಮೂವರು ಹೆಂಗಸರೂ ತೀರಿಕೊಂಡಿದ್ದರು. ಒಂದೇ ಊರಿನಲ್ಲಿ, ವೈದ್ಯರು ಮನೆಯಲ್ಲೇ ಇದ್ದೂ ಮೂರು ಸಂಸಾರಗಳು ಮುರಿದುಬಿದ್ದವು. ಕೊರತೆಯಾಗಿದ್ದದ್ದು ಔಷಧವಲ್ಲ, ಹೆಣ್ಣು ವೈದ್ಯೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಐಡಾ ಅಲ್ಲೇ ಉಳಿದು ಕೈಲಾದಷ್ಟು ಸಹಾಯ ಮಾಡುತ್ತೇನೆಂದು ಹೊರಡಲಿಲ್ಲ. ಒಳ್ಳೆಯ ಮನಸ್ಸೊಂದಿದ್ದರೆ ಸಾಲದು, ವಿದ್ಯೆ ಬೇಕು ಎಂಬುದು ಅವರಿಗೆ ಮನವರಿಕೆಯಾಗಿತ್ತು. ಅಮೆರಿಕಕ್ಕೆ ಮರಳಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ಅನಂತರ ಕಾರ್ನೆಲ್‌ನಲ್ಲಿ ಓದು ಮುಂದುವರಿಸಿ 1899ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳಿಗೆ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆದ ಮೊದಲ ತಂಡದಲ್ಲಿ ಅವರೂ ಒಬ್ಬರು.

ಒಂದು ಹಾಸಿಗೆಯ ಆಸ್ಪತ್ರೆ

ಹೊರಡುವ ಮುನ್ನ ಆಸ್ಪತ್ರೆಗೆಂದು ಹಣ ಕೂಡಿಸಲು ಹೊರಟ ಐಡಾ ಅವರಿಗೆ ನ್ಯೂಯಾರ್ಕಿನ ಬ್ಯಾಂಕರ್ ಶೆಲ್ ಎಂಬವರು ತಮ್ಮ ದಿವಂಗತ ಪತ್ನಿಯ ನೆನಪಿಗಾಗಿ 10,000 ಡಾಲರ್ ಕೊಟ್ಟರು. ಗೆಳತಿ ಆನಿ ಹ್ಯಾನ್‌ಕಾಕ್ ಜತೆಯಲ್ಲಿ ಬಂದರು. 1900ರಲ್ಲಿ ವೆಲ್ಲೂರಿನ ತಂದೆಯ ಬಂಗಲೆಯಲ್ಲೇ ಕೆಲಸ ಶುರುವಾಯಿತು. ಇದ್ದದ್ದು ಒಂದೇ ಹಾಸಿಗೆ. ಕೈಜೋಡಿಸಿದವರು ಮನೆಗೆಲಸದವರ ಕುಟುಂಬದ ಸಲೋಮಿ ಎಂಬ ಹೆಣ್ಣುಮಗಳು. ಮಾರ್ಗದರ್ಶನ ಮಾಡಬೇಕಿದ್ದ ತಂದೆ ಅದೇ ವರ್ಷ ತೀರಿಕೊಂಡರು.

ಮೊದಮೊದಲು ಜನ ಹಿಂಜರಿದರು. ಕಿರಿಯ ವಯಸ್ಸಿನ ಹೆಣ್ಣು ಎಂಥ ಔಷಧ ಕೊಟ್ಟಾಳು ಎಂಬ ಅನುಮಾನ. ಆದರೆ ಎರಡು ವರ್ಷದಲ್ಲಿ ಚಿಕಿತ್ಸೆ ಪಡೆದವರ ಸಂಖ್ಯೆ 5,000 ಮುಟ್ಟಿತು. 1902ರಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆ 40 ಹಾಸಿಗೆಗಳೊಂದಿಗೆ ತೆರೆಯಿತು. ಆಸ್ಪತ್ರೆಗೆ ಬರಲಾಗದ ಹಳ್ಳಿಯ ಕುಟುಂಬಗಳಿಗಾಗಿ ರಸ್ತೆ ಬದಿಯ ಚಿಕಿತ್ಸೆ ಪ್ರಾರಂಭವಾಯಿತು. ಗೊತ್ತಾದ ದಿನ, ಗೊತ್ತಾದ ಮರದ ಕೆಳಗೆ ಡಾಕ್ಟರಮ್ಮನ ಗಾಡಿ ಬಂದು ನಿಲ್ಲುತ್ತಿತ್ತು. ಜನ ಮಕ್ಕಳುಮರಿಗಳೊಂದಿಗೆ ಕಾದು ಕುಳಿತಿರುತ್ತಿದ್ದರು. ಮುಂದೆ ಮೋಟಾರು ಕಾರು ಬಂದಾಗ ಕೆಲವರು ಹೆದರಿ ಓಡಿದ್ದೂ ಉಂಟು. ಆದರೆ ಗಾಡಿ ತಪ್ಪದೆ ಬರುತ್ತಿದ್ದುದರಿಂದ ಹೆದರಿಕೆ ಹೋಗಿ ನಂಬಿಕೆ ಬೆಳೆಯಿತು.

ಕಲಿಸಿದ್ದೇ ದೊಡ್ಡ ಸೇವೆ

ಒಬ್ಬ ವೈದ್ಯೆ ಎಷ್ಟೇ ದುಡಿದರೂ ಎಷ್ಟು ಹೆರಿಗೆ ಮಾಡಿಸಿಯಾಳು? ಈ ಪ್ರಶ್ನೆಯೇ ಐಡಾ ಅವರನ್ನು ಶಿಕ್ಷಣದ ಕಡೆಗೆ ತಿರುಗಿಸಿತು. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ಶಾಲೆ ಆರಂಭವಾದವು. ಹೆಣ್ಣುಮಕ್ಕಳು ವೈದ್ಯಕೀಯ ಓದಲು ಎಲ್ಲಿ ಬರುತ್ತಾರೆ ಎಂದು ಸಂದೇಹಪಟ್ಟವರೇ ಹೆಚ್ಚು. ಮೊದಲ ವರ್ಷವೇ 151 ಅರ್ಜಿಗಳು ಬಂದವು! 1942ರಲ್ಲಿ ಎಂಬಿಬಿಎಸ್ ತರಗತಿ ಪ್ರಾರಂಭವಾಯಿತು. 1947ರಲ್ಲಿ ಪುರುಷ ವಿದ್ಯಾರ್ಥಿಗಳಿಗೂ ಪ್ರವೇಶ ದೊರೆಯಿತು.

ಅದೇ ಹೊತ್ತಿಗೆ ಸಂಸ್ಥೆಯ ಚುಕ್ಕಾಣಿ ಭಾರತೀಯರ ಕೈಗೆ ಬಂತು. ವಿಶಾಖಪಟ್ಟಣದಲ್ಲಿ ಹುಟ್ಟಿದ ಡಾ. ಹಿಲ್ಡಾ ಲಾಜರಸ್ ಅದರ ಮೊದಲ ಭಾರತೀಯ ಮುಖ್ಯಸ್ಥೆಯಾದರು. ಮುಂದಿನ ಸಾಧನೆಗಳ ಪಟ್ಟಿ ದೊಡ್ಡದು. 1948ರಲ್ಲಿ ಕುಷ್ಠರೋಗಿಗಳ ಮುರುಟಿದ ಕೈಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ, 1961ರಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ, 1971ರಲ್ಲಿ ಮೂತ್ರಪಿಂಡ ಕಸಿ ಇಲ್ಲಿ ನಡೆದವು. 1977ರಲ್ಲಿ ಕೆ.ವಿ. ಕುಪ್ಪಂ ಭಾಗದ ಹಳ್ಳಿಗಳಿಗಾಗಿ ಗ್ರಾಮೀಣ ಆರೋಗ್ಯ ಯೋಜನೆ ಆರಂಭವಾಯಿತು. ಇದನ್ನೆಲ್ಲ ಮುನ್ನಡೆಸಲು ಐಡಾ ಇರಲಿಲ್ಲ, ಇರಬೇಕಾದ ಅಗತ್ಯವೂ ಬೀಳಲಿಲ್ಲ. 1960ರ ಮೇ 24ರಂದು ಕೊಡೈಕೆನಾಲ್‌ನಲ್ಲಿ ಅವರು ನಿಧನರಾದರು.

ಪೆರಂಬೂರಿನದೇ ಉದಾಹರಣೆ

ಹೊರಗಿನಿಂದ ಬಂದವರು ಕಲಿಸಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಪೆರಂಬೂರಿಗರು ವೆಲ್ಲೂರಿನವರೆಗೂ ಹೋಗಬೇಕಾಗಿಲ್ಲ. ಇಲ್ಲಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ತಾಂತ್ರಿಕ ಸಹಕಾರದಿಂದ ಆರಂಭವಾದದ್ದು. 1955ರ ಅಕ್ಟೋಬರ್ 2ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ಸ್ವಿಸ್ ತಂತ್ರಜ್ಞರು ಕಲಿಸಿದರು, ನಮ್ಮವರು ಕಲಿತರು, ಬಂದವರು ಮರಳಿದರು. 2018ರಲ್ಲಿ ಮೊದಲ ವಂದೇ ಭಾರತ್ ರೈಲು ಹೊರಬಂದದ್ದು ಇದೇ ಕಾರ್ಖಾನೆಯಿಂದ. ಇದು ಚರ್ಚಿನ ಸೇವೆಯಲ್ಲ, ವ್ಯವಹಾರ ನಿಜ. ಆದರೆ ಪಾಠ ಒಂದೇ: ಕೊಟ್ಟುಹೋದ ವಸ್ತು ಸವೆಯುತ್ತದೆ, ಕಲಿಸಿಹೋದ ಕೆಲಸ ಬೆಳೆಯುತ್ತದೆ.

ಕನ್ನಡ ನಾಡಿನಲ್ಲೂ ಇದಕ್ಕೆ ಸಾಕ್ಷಿ ಇದೆ. ಮೈಸೂರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಷ್ಟು ಹಳೆಯದು. 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಬಂದ ಫರ್ಡಿನಂಡ್ ಕಿಟೆಲ್ ದಶಕಗಳ ಕಾಲ ನಮ್ಮ ಭಾಷೆಯ ಸಹವಾಸ ಮಾಡಿದ್ದರಿಂದಲೇ 1894ರಲ್ಲಿ ಆ ಮಹಾ ನಿಘಂಟು ಮಂಗಳೂರಿನಿಂದ ಹೊರಬಂತು. ಹದಿನೈದು ದಿನದ ಭೇಟಿಯಲ್ಲಿ ನಿಘಂಟು ಹುಟ್ಟುವುದಿಲ್ಲ.

ಅಲ್ಪಾವಧಿ ಸೇವೆ ವ್ಯರ್ಥವೇ?

ಹಾಗೆಂದು ಕೆಲವು ದಿನದ ಸೇವೆಯೆಲ್ಲ ವ್ಯರ್ಥವೆನ್ನಲಾಗದು. ಪ್ರವಾಹ, ಸುನಾಮಿಯಂಥ ಸಂಕಟದಲ್ಲಿ ಎರಡು ವಾರದ ನೆರವೂ ಜೀವ ಉಳಿಸುತ್ತದೆ. ಪರಿಣತ ಶಸ್ತ್ರವೈದ್ಯರು ಹತ್ತು ದಿನ ಇದ್ದು ಸ್ಥಳೀಯ ವೈದ್ಯರಿಗೆ ಕೈಪಾಠ ಹೇಳಿಕೊಟ್ಟರೆ ಅದರ ಫಲ ವರ್ಷಗಟ್ಟಲೆ ಸಿಗುತ್ತದೆ. ಐಡಾ ಅವರ ಮೊದಲ ಬರವು ಕೂಡ ಅಲ್ಪಾವಧಿಯದೇ ಅಲ್ಲವೇ? ಆ ರಾತ್ರಿಯನ್ನು ಕಣ್ಣಾರೆ ಕಾಣದಿದ್ದರೆ ವೆಲ್ಲೂರು ಆಸ್ಪತ್ರೆಯೂ ಇರುತ್ತಿರಲಿಲ್ಲ.

ತೊಂದರೆಯಾಗುವುದು ಮಾತ್ರೆ ಕೊಟ್ಟು, ಫೋಟೋ ತೆಗೆಸಿಕೊಂಡು, ಮುಂದೆ ಯಾರು ನೋಡುತ್ತಾರೆ ಎಂದು ಯೋಚಿಸದೆ ಹೊರಟಾಗ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರಿಗೆ ಹದಿನೈದು ದಿನದ ಮಾತ್ರೆ ಕೊಟ್ಟರೆ ಹದಿನಾರನೆಯ ದಿನದ ಗತಿ ಏನು? ಸ್ಥಳೀಯ ಕೂಲಿಯವನು ಮಾಡಬಹುದಾದ ಗೋಡೆ ಕೆಲಸವನ್ನು ವಿಮಾನದ ಖರ್ಚು ಹಾಕಿಕೊಂಡು ಬಂದವರು ಮಾಡಿದರೆ ಲಾಭ ಯಾರಿಗೆ? ಇಂಥ ಪ್ರಶ್ನೆಗಳನ್ನು ವಿದೇಶದ ಚರ್ಚುಗಳಲ್ಲೇ ಈಗ ಕೇಳುತ್ತಿದ್ದಾರೆ ಎಂಬುದು ಒಳ್ಳೆಯ ಬೆಳವಣಿಗೆ.

ಆತಿಥ್ಯ ವಹಿಸುವವರು ಕಾನೂನಿನ ಕಡೆಗೂ ಗಮನ ಕೊಡಬೇಕು. ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರ ಮಾಡುವಂತಿಲ್ಲ. ಅದಕ್ಕೆ ಪ್ರತ್ಯೇಕ ಮಿಷನರಿ ವೀಸಾ ಇದೆ. ವಿದೇಶಿ ವೈದ್ಯರು ಇಲ್ಲಿ ರೋಗಿಗಳಿಗೆ ಚಿಕಿತ್ಸೆ ನೀಡಲು ವೈದ್ಯಕೀಯ ಆಯೋಗದ ತಾತ್ಕಾಲಿಕ ಅನುಮತಿ ಬೇಕು. ವಿದೇಶಿ ಅತಿಥಿಗಳನ್ನು ಮನೆಯಲ್ಲಿ ಉಳಿಸಿಕೊಂಡರೆ ಆ ಮಾಹಿತಿಯನ್ನು ಅಧಿಕಾರಿಗಳಿಗೆ ಸಲ್ಲಿಸುವುದು ಕಡ್ಡಾಯ. ಸಂಸ್ಥೆಗಳು ವಿದೇಶದಿಂದ ದೇಣಿಗೆ ಪಡೆಯುವುದಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು.

ನಮ್ಮ ಸಂಘಗಳು ಮಾಡಬಹುದಾದದ್ದು

ವೆಲ್ಲೂರಿಗೆ ಬರುವ ಕನ್ನಡಿಗ ರೋಗಿಗಳಲ್ಲಿ ಎಷ್ಟೋ ಮಂದಿಗೆ ತಮಿಳೂ ಬಾರದು, ಇಂಗ್ಲಿಷೂ ಬಾರದು. ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಪರೀಕ್ಷೆಗೆ ಎಲ್ಲಿ ನಿಲ್ಲಬೇಕು, ಡಾಕ್ಟರು ಹೇಳಿದ್ದೇನು ಎಂಬುದೇ ಅವರಿಗೆ ದೊಡ್ಡ ಚಿಂತೆ. ಎರಡು ಭಾಷೆ ಬಲ್ಲ ಚೆನ್ನೈ ಕನ್ನಡಿಗರಿಗೆ ಇದು ಕಷ್ಟದ ಕೆಲಸವಲ್ಲ. ನಾಲ್ಕೈದು ಸದಸ್ಯರು ಫೋನಿನಲ್ಲಿ ದುಭಾಷಿಗಳಾಗಿ ನಿಂತರೂ ಸಾಕು. ನಿವೃತ್ತ ರೈಲ್ವೆ ನೌಕರರು ನಮ್ಮಲ್ಲಿ ಇದ್ದಾರೆ. ಕಾಟ್ಪಾಡಿ ದಾರಿ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ.

ಶಿಬಿರ ನಡೆಸುವ ಸಂಘಗಳೂ ಒಂದು ನಿಯಮ ಇಟ್ಟುಕೊಳ್ಳಬಹುದು. ಶಿಬಿರದಲ್ಲಿ ಕಾಯಿಲೆ ಪತ್ತೆಯಾದವರ ಹೆಸರು ಬರೆದಿಟ್ಟು, ತಿಂಗಳ ನಂತರ ವಿಚಾರಿಸಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸುವವರೆಗೆ ಕೈಬಿಡದಿರುವುದು. ವರ್ಷಕ್ಕೆ ಹತ್ತು ಶಿಬಿರ ಮಾಡುವ ಬದಲು ಎರಡೇ ಮಾಡಿ, ಹೀಗೆ ಕೊನೆ ಮುಟ್ಟಿಸಿದರೆ ಹೆಚ್ಚು ಕುಟುಂಬಗಳಿಗೆ ಉಪಯೋಗ. ತಿಂಡಿವನಂನಲ್ಲಿ ಆ ರಾತ್ರಿ ಮೂವರು ಗಂಡಂದಿರು ಕೇಳಿದ್ದು ಕರುಣೆಯನ್ನಲ್ಲ, ಕೆಲಸ ಬಲ್ಲ ಒಬ್ಬ ಹೆಣ್ಣುಮಗಳನ್ನು. ಇಂದು ನಮ್ಮ ಬಾಗಿಲಿಗೆ ಬರುವವರಿಗೆ ಏನು ಬೇಕಾಗಿದೆ ಎಂದು ಮೊದಲು ಕೇಳಿ ತಿಳಿದರೆ, ಸೇವೆ ಅಲ್ಲಿಂದಲೇ ಶುರುವಾಗುತ್ತದೆ.