ತೋಳಹುಣಸೆಗೆ ಎಷ್ಟು ಸಲ ಓಡಾಡಬೇಕು?

ಪರಶುರಾಂಪುರದ ಪದವಿ ವಿದ್ಯಾರ್ಥಿಗಳ ಪಾಲಿಗೆ ವಿಶ್ವವಿದ್ಯಾಲಯ ಈಗಾಗಲೇ ಎರಡು ಸಲ ವಿಳಾಸ ಬದಲಿಸಿದೆ. ಮೊದಲು ಮೈಸೂರು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಭದ್ರಾವತಿ ಹತ್ತಿರದ ಶಂಕರಘಟ್ಟ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾದಾಗಿನಿಂದ ತೋಳಹುಣಸೆ. ಪ್ರತಿ ಸಲವೂ ಒಂದಿಷ್ಟು ಹತ್ತಿರಕ್ಕೇ ಬಂದಿದೆ, ಅದನ್ನು ಒಪ್ಪಬೇಕು. ಆದರೂ ಆಂಧ್ರದ ಗಡಿಗೆ ಅಂಟಿಕೊಂಡ ಈ ಹೋಬಳಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಜಾಸ್ತಿ. ಚಳ್ಳಕೆರೆಯಲ್ಲಿ ಇಳಿದು ಹತ್ತಬೇಕು, ಚಿತ್ರದುರ್ಗದಲ್ಲಿ ಇಳಿದು ಹತ್ತಬೇಕು, ದಾವಣಗೆರೆಯಲ್ಲಿ ಮತ್ತೊಂದು ಬಸ್ಸು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಚಾರ್ಜು ಉಳಿಯಿತು. ಜೊತೆಗೆ ಹೋಗುವ ಅಪ್ಪನ ಒಂದು ದಿನದ ಕೂಲಿ ಮಾತ್ರ ಉಳಿಯಲಿಲ್ಲ.

ಅಷ್ಟು ದೂರ ಹೋಗುವುದಾದರೂ ಯಾತಕ್ಕೆ? ಪಾಠಕ್ಕಲ್ಲ, ಪರೀಕ್ಷೆಗೂ ಅಲ್ಲ. ಅವೆರಡೂ ಕಾಲೇಜಿನಲ್ಲೇ ಮುಗಿಯುತ್ತವೆ. ಹೋಗುವುದು ಒಂದು ಅಕ್ಷರಕ್ಕೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಸೀಮೆಯಾದ್ದರಿಂದ ಇಲ್ಲಿ ತಿಪ್ಪೇಸ್ವಾಮಿಗಳಿಗೆ ಬರವಿಲ್ಲ. ಆ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ‘ಎಚ್’ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪದವಿ ಅಂಕಪಟ್ಟಿಯಲ್ಲಿ ಇಲ್ಲವೇ ಇಲ್ಲ. ವಿದ್ಯಾರ್ಥಿವೇತನಕ್ಕೋ ಬಿ.ಇಡಿ ಸೀಟಿಗೋ ದಾಖಲೆ ತಾಳೆ ನೋಡುವ ದಿನ ಇದು ಬಯಲಿಗೆ ಬರುತ್ತದೆ.

ಅಲ್ಲಿಂದ ಶುರುವಾಗುವ ಕಡತದ ಯಾತ್ರೆ ರಾಜ್ಯದ ಯಾವ ವಿಶ್ವವಿದ್ಯಾಲಯದಲ್ಲಾದರೂ ಹೆಚ್ಚು ಕಡಿಮೆ ಒಂದೇ. ಪ್ರಾಂಶುಪಾಲರ ಪತ್ರ, ಸೀಲು, ಚಲನ್, ಮೂಲ ಅಂಕಪಟ್ಟಿ. ಟಪಾಲು ವಿಭಾಗದಲ್ಲಿ ನಮೂದಾಗಿ ಅರ್ಜಿ ಪರೀಕ್ಷಾ ವಿಭಾಗದ ಕೇಸ್ ವರ್ಕರ್ ಮೇಜಿಗೆ ಬರುತ್ತದೆ. ಅವರು ಟಿಪ್ಪಣಿ ಬರೆದು ಸೂಪರಿಂಟೆಂಡೆಂಟ್‌ಗೆ ಮಂಡಿಸಬೇಕು. ಅಲ್ಲಿಂದ ಸಹಾಯಕ ಕುಲಸಚಿವರು, ಉಪಕುಲಸಚಿವರು, ಕೊನೆಗೆ ಮೌಲ್ಯಮಾಪನ ಕುಲಸಚಿವರು. ಎಲ್ಲರೂ ನೋಡುವುದು ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅದೇ ಜೆರಾಕ್ಸ್. ಸಹಿ ಬಿದ್ದ ಮೇಲೆ ಕಡತ ಹೋದ ದಾರಿಯಲ್ಲೇ ಕೆಳಗಿಳಿಯಬೇಕು. ನಡುವೆ ವಿಚಾರಿಸಲು ಹೋದವರಿಗೆ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ: ‘ಫೈಲು ಮೇಲೆ ಹೋಗಿದೆ, ಮುಂದಿನ ವಾರ ಬಾರಪ್ಪ.’

ಇದೇ ವಿದ್ಯಾರ್ಥಿಯ ಅಪ್ಪ ಶೇಂಗಾ ಬೆಳೆಯುವ ರೈತನಾದರೆ, ಅವನ ಅನುಭವ ಬೇರೆ. ಕೈಬರಹದ ಪಹಣಿಗೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ತಿರುಗುತ್ತಿದ್ದ ಕಾಲ ಅವನಿಗೆ ನೆನಪಿದೆ. ‘ಭೂಮಿ’ ಯೋಜನೆ 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳನ್ನೆಲ್ಲ ಮುಟ್ಟಿತು. ಅದರ ಹೆಚ್ಚುಗಾರಿಕೆಯನ್ನು ಕಂಪ್ಯೂಟರಿಗೆ ಕಟ್ಟುವುದು ನಮ್ಮ ರೂಢಿ. ನನಗೆ ಮುಖ್ಯ ಅನ್ನಿಸುವುದು ಅದರೊಳಗೆ ಕೂರಿಸಿದ್ದ ಒಂದು ಸಣ್ಣ ನಿಯಮ: ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ತೀರಬೇಕು. ಪರಿಚಯದವರ ಅರ್ಜಿಯನ್ನು ನಡುವಿನಿಂದ ಎಳೆದು ಮೇಲಿಡಲು ಯಂತ್ರವೇ ಬಿಡುತ್ತಿರಲಿಲ್ಲ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಬಂದ ಸಕಾಲ ಇದಕ್ಕೆ ದಿನಗಳ ಗಡುವು ಸೇರಿಸಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ ಎಂದಿತು. ಹಣ ದೊಡ್ಡದಲ್ಲ, ತಡ ಮಾಡಿದ ನೌಕರನಿಂದ ವಸೂಲಾಗುತ್ತದೆ ಎಂಬುದು ದೊಡ್ಡದು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಇಂದು ನಾಡಕಚೇರಿ ಸಾಕು.

ಉನ್ನತ ಶಿಕ್ಷಣದಲ್ಲೂ ಇಂಥದ್ದೊಂದು ಪ್ರಯತ್ನ ಆಗಿಲ್ಲವೆಂದಲ್ಲ. 2021ರಲ್ಲಿ ಬಂದ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ, ಎಲ್ಲರ ಬಾಯಲ್ಲಿ ಯುಯುಸಿಎಂಎಸ್, ಪ್ರವೇಶಾತಿಯಿಂದ ಫಲಿತಾಂಶದವರೆಗೆ ಎಲ್ಲವನ್ನೂ ಒಂದೇ ಪೋರ್ಟಲ್‌ಗೆ ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ, ಹೊಸ ತಂತ್ರಾಂಶ ಎರಡೂ ಒಟ್ಟಿಗೇ ಕಾಲೇಜುಗಳ ಮೇಲೆ ಬಿದ್ದವು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೇ ಮರಳಿದಾಗ ವಿಷಯ, ಕ್ರೆಡಿಟ್ಟುಗಳ ಜೋಡಣೆಯನ್ನು ಹೊಸದಾಗಿ ಮಾಡಬೇಕಾಯಿತು. ಫಲಿತಾಂಶ ತಡ, ಅಂಕಪಟ್ಟಿ ತಡ ಎಂಬ ದೂರು ಹಲವು ವಿಶ್ವವಿದ್ಯಾಲಯಗಳಿಂದ ಕೇಳಿಬಂತು. ಅರ್ಜಿ ಪೋರ್ಟಲ್ ಹತ್ತಿದ ಮಾತ್ರಕ್ಕೆ ಒಳಗಿನ ಐದು ಮೇಜು ಒಂದಾಗುವುದಿಲ್ಲವಲ್ಲ.

ಇಲ್ಲಿ ಗುಮಾಸ್ತರನ್ನು ಬೈಯುವುದು ಸುಲಭ. ಒಂದು ಅಕ್ಷರ ತಿದ್ದುವ ಅಧಿಕಾರವೂ ಅವರಿಗಿಲ್ಲ. ತಿದ್ದಿದರೆ ನಾಳೆ ಆಡಿಟ್‌ನವರು ಕೇಳುವುದು ಅವರನ್ನೇ. ಖಾಲಿ ಹುದ್ದೆಗಳನ್ನು ಹೊರಗುತ್ತಿಗೆಯಿಂದ ತುಂಬುವುದು ಎಲ್ಲ ಕಡೆ ವಾಡಿಕೆಯಾಗಿದೆ. ಗುತ್ತಿಗೆ ಮುಗಿದು ಅವರು ಹೋದಾಗ, ಯಾವ ವರ್ಷದ ಲೆಡ್ಜರ್ ಯಾವ ಬೀರುವಿನಲ್ಲಿದೆ ಎಂಬ ತಿಳಿವಳಿಕೆಯೂ ಜೊತೆಗೇ ಹೋಗುತ್ತದೆ. ಮೌಲ್ಯಮಾಪನಕ್ಕೆ ಬಂದ ಉಪನ್ಯಾಸಕರು ತಮ್ಮ ಟಿಎ, ಡಿಎ ಬಿಲ್ಲಿಗೆ ಇದೇ ಮೆಟ್ಟಿಲು ಹತ್ತುತ್ತಾರೆ. ಒಳಗಿನವರಿಗೇ ಸಲೀಸಾಗದ ಕಚೇರಿ ಹೊರಗಿನವರಿಗೆ ಆಗಲಿ ಎಂದರೆ ಹೇಗೆ?

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000 ಆಡಳಿತಕ್ಕೊಬ್ಬರು, ಮೌಲ್ಯಮಾಪನಕ್ಕೊಬ್ಬರು ಎಂದು ಕುಲಸಚಿವರನ್ನೇ ಎರಡು ಮಾಡಿದೆ. ಮೇಲೆ ಹಂಚಿಕೆಯಾದ ಕೆಲಸ ಕೆಳಗೂ ಹಂಚಿಕೆಯಾಗಬೇಕಿತ್ತು. ಎಸ್ಸೆಸ್ಸೆಲ್ಸಿ ದಾಖಲೆಯೊಂದಿಗೆ ತಾಳೆಯಾಗುವ ಹೆಸರಿನ ತಿದ್ದುಪಡಿ ಸಹಾಯಕ ಕುಲಸಚಿವರ ಸಹಿಗೇ ಮುಗಿಯಲಿ. ಇನ್ನೂ ಮೇಲೆಂದರೆ, ಪ್ರವೇಶಾತಿಯ ದಿನ ಪೋರ್ಟಲ್‌ಗೆ ಹತ್ತಿಸಿದ ಹೆಸರನ್ನು ಪ್ರಿಂಟ್ ತೆಗೆದು ವಿದ್ಯಾರ್ಥಿಗೆ ಓದಿಸಿ ಸಹಿ ಹಾಕಿಸಿಕೊಂಡರೆ ಅರ್ಧ ಕಡತಗಳು ಹುಟ್ಟುವುದೇ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಹಾಳೆ, ಐದು ನಿಮಿಷ.

2025ರ ಫೆಬ್ರುವರಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೇ, ವಿಲೀನ ಮಾಡಬೇಕೇ ಎಂಬ ಗದ್ದಲ ಎದ್ದಾಗ ಕಟ್ಟಡ, ಅನುದಾನ, ಜಿಲ್ಲೆಯ ಹೆಮ್ಮೆ ಎಲ್ಲವೂ ಚರ್ಚೆಯಾಯಿತು. ಅಂಕಪಟ್ಟಿ ತರಲು ಹುಡುಗಿ ಎಷ್ಟು ಸಲ ಹೋಗಬೇಕು ಎಂಬುದು ಯಾರ ಬಾಯಲ್ಲೂ ಅಷ್ಟಾಗಿ ಬರಲಿಲ್ಲ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಕಟ್ಟದೆಯೂ ಇದಕ್ಕೆ ದಾರಿ ಇದೆ. ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಜಿ.ಆರ್. ಹಳ್ಳಿಯಲ್ಲೇ ಇದೆ. ವಾರಕ್ಕೆರಡು ದಿನ ಪರೀಕ್ಷಾ ವಿಭಾಗದ ಒಬ್ಬರು ಲಾಗಿನ್, ಸ್ಕ್ಯಾನರ್, ಸೀಲಿನೊಂದಿಗೆ ಅಲ್ಲಿ ಕೂತರೆ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರಿನವರು ದಾವಣಗೆರೆ ಬಸ್ಸು ಹತ್ತಬೇಕಿಲ್ಲ. ಅರ್ಜಿ ಕೊಟ್ಟವರ ಕೈಗೆ ಸಂಖ್ಯೆ, ತೀರುವ ತಾರೀಖು ಎರಡೂ ಇರುವ ಸ್ವೀಕೃತಿ ಸಿಗಲಿ. ಮೂವತ್ತು ದಿನ ಮೀರಿ ಉಳಿದ ಅರ್ಜಿಗಳ ಲೆಕ್ಕವನ್ನು, ಯಾವ ಮೇಜಿನಲ್ಲಿ ನಿಂತಿದೆ ಎಂಬುದರ ಸಮೇತ, ಪ್ರತಿ ಸಿಂಡಿಕೇಟ್ ಸಭೆಯ ಮುಂದಿಡಲಿ.